ಓಟು ಹಾಕದವರ ಲೆಕ್ಕ
(ಹಾಸ್ಟೆಲ್ ಗೆಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆ ಮುಗಿದ ಮಾರನೇ ದಿನ ಪೇಪರಿನೋರು ಬರೆಯೋದು ಒಂದೇ ಮಾತು: ಜನಕ್ಕೆ ಜವಾಬ್ದಾರಿ ಇಲ್ಲ. ಯಾವ ಜನಕ್ಕೆ? ಅದನ್ನ ನಾವು ಕೇಳಬೇಕು.

2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ನೂರಕ್ಕೆ 81 ಜನ ಓಟು ಹಾಕಿದರು. ಬೆಂಗಳೂರು ದಕ್ಷಿಣದಲ್ಲಿ ಸುಮಾರು 53. ಅಲ್ಲಿನ ಪಟ್ಟಿಯಲ್ಲಿ ಸತ್ತವರು, ಮನೆ ಬಿಟ್ಟವರು ಇರಬಹುದು, ಕಳೆಯಿರಿ. ಆದರೂ ಓದು ಬಂದರೆ ಓಟು ತಾನಾಗೇ ಬರುತ್ತೆ ಅನ್ನೋ ಮಾತು ನಿಲ್ಲೋದಿಲ್ಲ. ಉಳ್ಳವರ ನೀರು ಟ್ಯಾಂಕರಿನಲ್ಲಿ ಬರುತ್ತೆ, ಶಾಲೆ ಆಸ್ಪತ್ರೆ ಎಲ್ಲ ಖಾಸಗಿ, ಸರ್ಕಾರದ ಹತ್ತಿರ ಕೆಲಸ ಬಿದ್ದರೆ ಒಂದು ಫೋನು ಸಾಕು. ನಮ್ಮ ಕೇರಿಗೆ ಕೊಳಾಯಿ, ಪಡಿತರ, ನಾವು ಉಣ್ಣುವ ಈ ಹಾಸ್ಟೆಲ್ಲಿನ ಅನ್ನ, ಎಲ್ಲ ಬರೋದು ಸರ್ಕಾರದಿಂದಲೇ. ಅದಕ್ಕೇ ನಮ್ಮ ಅವ್ವಂದಿರು ಬಿಸಿಲಲ್ಲಿ ಸಾಲು ನಿಲ್ಲುತ್ತಾರೆ. ಓದುಬರಹ ಇಲ್ಲದವರಿಗೆ ಓಟು ಯಾಕೆ ಅನ್ನುತ್ತಿದ್ದ ಕಾಲದಲ್ಲಿ, 1928ರಲ್ಲೇ, ಬಾಬಾಸಾಹೇಬರು ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಓಟು ಕೇಳಿದ್ದರು.

ಅದೇ ಬೆಂಗಳೂರಲ್ಲಿ ಇನ್ನೊಂದು ಜನ ಇದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಹೋಗಿ, ತಗಡಿನ ಶೆಡ್ಡಿನಲ್ಲಿ ಮಲಗಿ, ಮಹಡಿ ಮೇಲೆ ಮಹಡಿ ಕಟ್ಟುವವರು. ಹೆಸರು ಊರಿನ ಪಟ್ಟಿಯಲ್ಲಿ, ದೇಹ ಅಲ್ಲಿ. ಊರಿಗೆ ಹೋಗಿ ಬರೋದಂದರೆ ಬಸ್ ಚಾರ್ಜು, ಮೇಲೆ ಎರಡು ಮೂರು ದಿನದ ಕೂಲಿ ಖೋತಾ. ಅಲ್ಲೇ ಹೆಸರು ಸೇರಿಸೋಣ ಅಂದರೆ ಆರು ತಿಂಗಳಿಗೆ ಶೆಡ್ಡೇ ಬೇರೆ ಕಡೆ. ದಿನಗೂಲಿಯವರಿಗೂ ಓಟಿನ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತೆ. ಕೊಡದ ಧಣಿಗೆ ದಂಡ ಎಷ್ಟು ಗೊತ್ತೆ? 500 ರೂಪಾಯಿವರೆಗೆ! ಪಾಪ, ಎಷ್ಟು ನಡುಗುತ್ತಾನೋ.

ಸೈನಿಕನಿಗೆ ಅಂಚೆ ಓಟಿದೆ, ಗಾರೆ ಹೊರುವವಳಿಗಿಲ್ಲ. ದೂರದ ಊರಿಂದಲೇ ಓಟು ಹಾಕೋ ಯಂತ್ರದ ಮಾದರಿ ಸಿದ್ಧವಾಗಿದೆ ಅಂತ ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಸಾರಿತು. 2024ರ ಚುನಾವಣೆ ಬಂತು, ಹೋಯಿತು, ಯಂತ್ರ ಬರಲಿಲ್ಲ. ಇನ್ನು ಜಾಮೀನಿಗೆ ದುಡ್ಡಿಲ್ಲದೆ ಜೈಲಲ್ಲಿ ವಿಚಾರಣೆ ಕಾಯುತ್ತಾ ಕೂತವನಿಗೂ ಓಟಿಲ್ಲ. ಒಳಗಿಂದಲೇ ಚುನಾವಣೆಗೆ ನಿಲ್ಲಬಹುದಂತೆ!

ಇವರೆಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ 'ಉದಾಸೀನ' ಅಂತ ಚೀಟಿ ಅಂಟಿಸುತ್ತಾರೆ. 1951-52ರ ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಗೆ ಸಿಗಲಿಲ್ಲ. ಇಂಥವನ ಹೆಂಡತಿ, ಇಂಥವನ ಮಗಳು ಅಂತ ಬರೆಸಿದ್ದರು, ಸ್ವಂತ ಹೆಸರು ಹೇಳಿರಲಿಲ್ಲ. ಅವತ್ತು ಹೆಸರಿರಲಿಲ್ಲ. ಇವತ್ತು ಹೆಸರಿದೆ, ವಿಳಾಸ ಹೋಗಿದೆ.

ನಮ್ಮ ಕತೆಯೂ ಇದೇ ಅಲ್ಲವೆ? ಪರೀಕ್ಷೆ ಇಲ್ಲಿ, ಓಟು ಊರಲ್ಲಿ. ಹಾಸ್ಟೆಲ್ಲಿನ ವಿಳಾಸಕ್ಕೂ ಹೆಸರು ಸೇರಿಸಬಹುದು, ಕಾಲೇಜಿನ ದೃಢೀಕರಣ ಪತ್ರ ಇದ್ದರಾಯಿತು. ಹೊಸಬರಿಗೆ 6ನೇ ನಮೂನೆ, ಊರಿಂದ ಇಲ್ಲಿಗೆ ಬದಲಿಸೋರಿಗೆ 8ನೇದು. ಎರಡೂ ಕಡೆ ಇಡುವಂತಿಲ್ಲ. ಊರಲ್ಲಿ ಧಣಿಯ ಕಣ್ಣೆದುರೇ ಹಾಕಬೇಕಾದ ಓಟು ಅದು, ಪಂಚಾಯ್ತಿಯಲ್ಲಿ ಹತ್ತು ಓಟಿಗೆ ಸೋಲು ಗೆಲುವು ಆಗುತ್ತೆ. ಹಾಗಾಗಿ ಎಲ್ಲಿಡಬೇಕು ಅನ್ನೋದನ್ನ ಯೋಚಿಸಿ ತೀರ್ಮಾನ ಮಾಡೋಣ. 17 ತುಂಬಿದವರೂ ಮುಂಚಿತವಾಗಿ ಅರ್ಜಿ ಕೊಡಬಹುದು. ಅರ್ಜಿಗಳು ಬಾಗಿಲ ಬಳಿ ಇವೆ. ಹಾಗೇ ಅಡುಗೆಮನೆಗೆ ಹೋಗಿ ಅಲ್ಲಿನವರನ್ನೂ ಕೇಳಿ, ಅವರ ಹೆಸರು ಎಲ್ಲಿದೆ ಅಂತ.