ಖಾಲಿ ಬಿಟ್ಟ ಆರು ಗಂಟೆ

ಇವತ್ತು ರಾಜಕೀಯ ಬೇಡ, ಒಂದು ಲೆಕ್ಕ ಮಾಡೋಣ. ಸ್ಕೂಲ್ ಮಕ್ಕಳಿಗೂ ಬರುವ ಸರಾಸರಿ ಲೆಕ್ಕ, ಹೆದರಬೇಡಿ.

ನಮ್ಮ ಬೆಂಗಳೂರಿನ ಪೂರ್ವ ಭಾಗದಲ್ಲಿ ಗಾಳಿಯನ್ನು ಹಗಲು ರಾತ್ರಿ ತಾನೇ ಅಳೆದು ದಾಖಲಿಸುವ ಸರ್ಕಾರಿ ಕೇಂದ್ರಗಳಿವೆ. ಕಸ್ತೂರಿನಗರದಲ್ಲಿ ಒಂದು, ಕಾಡುಬೀಸನಹಳ್ಳಿಯ ಜಲಮಂಡಳಿ ಆವರಣದಲ್ಲಿ ಇನ್ನೊಂದು. ಹಲಸೂರು, ಇಂದಿರಾನಗರ, ಕೆ.ಆರ್.ಪುರದವರು ‘ನಮ್ಮ ಏರಿಯಾ ಗಾಳಿ ಹೇಗಿದೆ’ ಅಂತ ಮೊಬೈಲ್ ತೆಗೆದಾಗ ಎಷ್ಟೋ ಸಲ ಕಾಣೋದು ಇಂಥ ಹತ್ತಿರದ ಯಾವುದೋ ಕೇಂದ್ರದ ಅಂಕಿ.

ದೂಳು ಅಳೆಯೋಕೆ ಸಾಮಾನ್ಯವಾಗಿ ಬಳಸೋದು ಬೀಟಾ ಕಿರಣದ ಯಂತ್ರ. ಒಳಗೆ ಹಳೇ ಕ್ಯಾಸೆಟ್ ಥರ ಫಿಲ್ಟರ್ ಟೇಪ್ ಸುತ್ತಿರುತ್ತದೆ. ಪಂಪು ನಿಮಿಷಕ್ಕೆ ಸುಮಾರು 16.7 ಲೀಟರ್, ಅಂದರೆ ಗಂಟೆಗೆ ಒಂದು ಘನ ಮೀಟರ್ ಗಾಳಿ ಎಳೆಯುತ್ತದೆ. ದೂಳು ಟೇಪಿನ ಮೇಲೆ ಕೂರುತ್ತದೆ. ಕೂರುವ ಮೊದಲು ಎಷ್ಟು ಕಿರಣ ದಾಟಿತು, ಕೂತ ಮೇಲೆ ಎಷ್ಟು ದಾಟಿತು, ಆ ವ್ಯತ್ಯಾಸದಿಂದ ದೂಳಿನ ತೂಕ ಗೊತ್ತಾಗುತ್ತದೆ. ಗಂಟೆಗೊಂದು ಸಾಲು, ದಿನಕ್ಕೆ 24 ಸಾಲು.

ಈಗ ಲೆಕ್ಕ. ಅಂಕಿ ನಾನು ಹಾಕಿಕೊಂಡದ್ದು, ವಿಧಾನ ಸರ್ಕಾರದ್ದು. ಶ್ವಾಸಕೋಶದ ತಳಕ್ಕೇ ಇಳಿಯುವ ಪಿಎಂ 2.5 ಅನ್ನೋ ಸಣ್ಣ ದೂಳು 18 ಗಂಟೆ ಕಾಲ ಘನ ಮೀಟರಿಗೆ 40 ಮೈಕ್ರೋಗ್ರಾಂ ಇತ್ತು. ಟ್ರಾಫಿಕ್ ಹೊತ್ತಲ್ಲಿ, ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ, 120ಕ್ಕೆ ಏರಿತು. ದಿನದ ಸರಾಸರಿ? ಸರಿಯಾಗಿ 60. ನಮ್ಮ ದೇಶ 24 ಗಂಟೆಗೆ ಇಟ್ಟಿರುವ ಮಿತಿಯೂ 60. ಉಳಿದ ಮಾಲಿನ್ಯ ಇದಕ್ಕಿಂತ ಕಡಿಮೆ ಇದ್ದರೆ ಸೂಚ್ಯಂಕ 100, ಷರಾ ‘ತೃಪ್ತಿಕರ’. ಆ 120 ದಿನವಿಡೀ ಇದ್ದಿದ್ದರೆ ಸೂಚ್ಯಂಕ 300 ಆಗ್ತಿತ್ತು, ‘ಕಳಪೆ’ ದರ್ಜೆಯ ಕೊನೇ ಮೆಟ್ಟಿಲು. (ಇದೇ 60 ಮೈಕ್ರೋಗ್ರಾಂಗೆ ಅಮೆರಿಕದ ಸೂಚ್ಯಂಕ 150 ದಾಟುತ್ತದೆ. ಎರಡು ಆ್ಯಪ್ ಎರಡು ಸಂಖ್ಯೆ ತೋರಿಸಿದರೆ ಗಲಿಬಿಲಿ ಬೇಡ, ಗಾಳಿ ಒಂದೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿಯಂತೂ ಬರೀ 15.)

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಆ ಆರು ಗಂಟೆಯೇ ಕರೆಂಟ್ ಹೋಯಿತು, ಅಥವಾ ಟೇಪ್ ಮುಗಿಯಿತು ಅಂದುಕೊಳ್ಳಿ. ಉಳಿದದ್ದು 18 ಸಾಲು. ನಿಯಮ ಏನು? ಕನಿಷ್ಠ 16 ಗಂಟೆಯ ಮಾಹಿತಿ ಇದ್ದರೆ ಸೂಚ್ಯಂಕ ಕಟ್ಟಬಹುದು. ಸರಾಸರಿ 40, ಸೂಚ್ಯಂಕ 67! ಯಾರೂ ಮೋಸ ಮಾಡಿಲ್ಲ, ಯಂತ್ರ ಸುಳ್ಳು ಹೇಳಿಲ್ಲ, ನಿಯಮವೂ ಮುರಿದಿಲ್ಲ. ಆದರೆ ದಿನದ ಅತಿ ಕೆಟ್ಟ ಗಾಳಿ ಮಾತ್ರ ಲೆಕ್ಕದಿಂದ ಮಾಯ. ಇಂಜಿನಿಯರಿಂಗ್ ಲ್ಯಾಬಿನಲ್ಲಿ ರೆಕಾರ್ಡ್ ಬುಕ್ಕಿಗೆ ಸಹಿ ಹಾಕೋ ಮೇಷ್ಟ್ರು ಮೊದಲು ಕೇಳೋದೇ, “ಈ ಜಾಗ ಯಾಕಪ್ಪಾ ಖಾಲಿ?”

ಆ ಆರು ಗಂಟೆ ರಸ್ತೆಯಲ್ಲಿ ಯಾರಿರ್ತಾರೆ ಹೇಳಿ? ಟಿನ್ ಫ್ಯಾಕ್ಟರಿ ಹತ್ತಿರ ಕೈ ಬೀಸುತ್ತಾ ನಿಂತ ಟ್ರಾಫಿಕ್ ಪೊಲೀಸ್. ಶಿವಾಜಿನಗರ ಬಸ್ ನಿಲ್ದಾಣದ ಹೊರಗೆ ತಳ್ಳುಗಾಡಿಯ ಹಣ್ಣಿನವರು. ಬಸ್ಸಿಗೆ ಕಾಯುವ ಸ್ಕೂಲ್ ಮಕ್ಕಳು. ಯಂತ್ರದ ಮೂಗು ನೆಲದಿಂದ ಮೂರು ಮೀಟರಿಗಿಂತ ಮೇಲಿರುತ್ತದೆ. ಇವರ ಮೂಗು ಸೈಲೆನ್ಸರ್‌ಗೆ ಹತ್ತಿರ. ಇವರಿಗೆ ಸರಾಸರಿ ಉಸಿರು ಅನ್ನೋದಿಲ್ಲ ಸ್ವಾಮಿ.

ಮಂಡಳಿಯ ಜಾಲತಾಣ ಬಗೆದು ನೋಡಿದರೆ ಗಂಟೆಗಂಟೆಯ ಅಂಕಿ ಸಿಗುತ್ತದೆ, ಸಿಗಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಜನರ ಕಣ್ಣಿಗೆ ಬೀಳೋದು ದಿನಕ್ಕೊಂದೇ ಸಂಖ್ಯೆ. ಹವಾಮಾನ ವರದಿಯಲ್ಲಿ ಗರಿಷ್ಠ, ಕನಿಷ್ಠ ತಾಪಮಾನ ಎರಡೂ ಓದ್ತೀವಲ್ಲ? ಗಾಳಿಗೂ ಹಾಗೇ ಕೊಡಿ. ಸೂಚ್ಯಂಕದ ಪಕ್ಕದಲ್ಲಿ ಇನ್ನೆರಡು ಅಂಕಿ ಸಾಕು: ದಿನದ ಅತಿ ಕೆಟ್ಟ ಗಂಟೆಯ ಅಳತೆ, ಮತ್ತು 24ರಲ್ಲಿ ಎಷ್ಟು ಗಂಟೆ ಯಂತ್ರ ನಿಜವಾಗಿ ಅಳೆಯಿತು ಅನ್ನೋದು. ಇದಕ್ಕೆ ಹೊಸ ಯಂತ್ರ ಬೇಡ, ಟೆಂಡರ್ ಬೇಡ. ಎರಡೂ ಅಂಕಿ ಆ 24 ಸಾಲಿನಲ್ಲೇ ಇವೆ.