ಕ್ರಿಸ್ತನ ಗಾಯಗಳ ಅರ್ಥ

(ಶಾಲೆಯ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಹಿಂದೂಪುರದಿಂದ ಸುಮಾರು ೧೫ ಕಿಲೋಮೀಟರ್ ದೂರದ ಲೇಪಾಕ್ಷಿಯನ್ನು ನೋಡದವರು ನಮ್ಮಲ್ಲಿ ವಿರಳ. ಅಲ್ಲಿನ ವೀರಭದ್ರ ದೇವಾಲಯದ ಗೋಡೆಯ ಮೇಲೆ ಎರಡು ಕೆಂಪು ಕಲೆಗಳಿವೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಬೊಕ್ಕಸದ ಹಣವನ್ನು ಗುಡಿಗೆ ಸುರಿದನೆಂಬ ಆರೋಪ ಹೊತ್ತ ವಿರೂಪಣ್ಣ, ಅರಸನ ಶಿಕ್ಷೆ ಬರುವ ಮೊದಲೇ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದೂ, ಅದರ ಗುರುತೇ ಆ ಕಲೆಗಳೆಂದೂ ಐತಿಹ್ಯ. ಊರಿನ ಹೆಸರಿಗೆ ಇನ್ನೊಂದು ಕಥೆಯೂ ಉಂಟು: ರೆಕ್ಕೆ ಕಳೆದುಕೊಂಡು ನೆಲಕ್ಕೆ ಬಿದ್ದ ಜಟಾಯುವನ್ನು ರಾಮನು ‘ಲೇ ಪಕ್ಷಿ’ ಎಂದು ಕರೆದನಂತೆ. ಹೀಗೆ ಗಾಯದ ನೆನಪು ಪುಣ್ಯಸ್ಥಳದ ನೆನಪಾಗಿ ಉಳಿಯುವುದು ನಮ್ಮ ಸೀಮೆಗೆ ಹೊಸದಲ್ಲ.

ಆದರೂ ನೆರೆಯ ಕ್ರೈಸ್ತರ ಮನೆಯಲ್ಲಿ ಶಿಲುಬೆಗೇರಿದ ಯೇಸುವಿನ ಚಿತ್ರವನ್ನು ಕಂಡಾಗ ಅನೇಕರಿಗೆ ಒಂದು ಸಂದೇಹ ಮೂಡುತ್ತದೆ. ತನ್ನನ್ನೇ ಕಾಪಾಡಿಕೊಳ್ಳಲಾಗದವನು ಲೋಕವನ್ನು ಹೇಗೆ ಕಾಪಾಡಿಯಾನು? ಈ ಪ್ರಶ್ನೆಯನ್ನು ಕ್ರೈಸ್ತರ ಗ್ರಂಥವು ಮರೆಮಾಚಿಲ್ಲ. ಶಿಲುಬೆಯ ಕೆಳಗೆ ನಿಂತು ಅಣಕಿಸಿದವರೂ ಇದನ್ನೇ ಕೇಳಿದರೆಂದು ಸುವಾರ್ತೆಗಳು ದಾಖಲಿಸಿವೆ. ಒಂದೇ ಶಾಲೆಯ ಬೆಂಚುಗಳಲ್ಲಿ ಒಟ್ಟಿಗೆ ಕುಳಿತು ಕಲಿತ ನಾವು, ಜೊತೆಯವರು ಯಾವುದನ್ನು ಪವಿತ್ರವೆಂದು ತಿಳಿದಿದ್ದಾರೆ ಎಂಬುದನ್ನಾದರೂ ಸರಿಯಾಗಿ ಅರಿತಿರಬೇಡವೇ? ಆ ಅರಿವಿಗಾಗಿ ಈ ನಾಲ್ಕು ಮಾತು.

ಕ್ರೈಸ್ತ ಸಂಪ್ರದಾಯ ಎಣಿಸುವ ಗಾಯಗಳು ಐದು. ಎರಡು ಕೈಗಳಲ್ಲಿ, ಎರಡು ಪಾದಗಳಲ್ಲಿ ಮೊಳೆಯ ಗಾಯಗಳು. ಪಕ್ಕೆಯಲ್ಲಿ ಈಟಿಯ ಗಾಯ. ಸೈನಿಕನೊಬ್ಬನು ಪಕ್ಕೆಯನ್ನು ತಿವಿದಾಗ ರಕ್ತವೂ ನೀರೂ ಹೊರಬಂದವೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ನೀರಿನಲ್ಲಿ ದೀಕ್ಷಾಸ್ನಾನವನ್ನೂ ರಕ್ತದಲ್ಲಿ ಪ್ರಭುಭೋಜನವನ್ನೂ ಪ್ರಾಚೀನ ಸಭೆಯ ಆಚಾರ್ಯರು ಕಂಡರು. ಕಥೋಲಿಕರು ಈಸ್ಟರ್ ಹಬ್ಬದ ರಾತ್ರಿ ಬೆಳಗಿಸುವ ದೊಡ್ಡ ಮೇಣದ ಬತ್ತಿಗೆ ಶಿಲುಬೆಯಾಕಾರದಲ್ಲಿ ಐದು ಧೂಪದ ಹರಳುಗಳನ್ನು ಚುಚ್ಚುವುದು ಈ ಐದು ಗಾಯಗಳ ನೆನಪಿಗಾಗಿಯೇ.

ಗಾಯದಿಂದ ಗುಣವಾಗುವುದೆಂಬ ಮಾತಿನ ಬೇರು ಇನ್ನೂ ಹಳೆಯದು. ಯೆಶಾಯನ ಪ್ರವಾದನೆಯ ೫೩ನೆಯ ಅಧ್ಯಾಯದಲ್ಲಿ ಪರರ ತಪ್ಪನ್ನು ಹೊತ್ತು ಪೆಟ್ಟು ತಿನ್ನುವ ಸೇವಕನೊಬ್ಬನ ವರ್ಣನೆಯಿದೆ. ಯೆಹೂದ್ಯರಲ್ಲಿ ಹಲವರು ಆ ಸೇವಕನನ್ನು ತಮ್ಮ ಜನಾಂಗವೆಂದೇ ತಿಳಿಯುತ್ತಾರೆ. ಕ್ರೈಸ್ತರು ಅವನಲ್ಲಿ ಯೇಸುವನ್ನು ಕಾಣುತ್ತಾರೆ. ಕನ್ನಡ ಬೈಬಲಿನಲ್ಲಿ ಈ ಅಧ್ಯಾಯವನ್ನು ಓದುವಾಗ ‘ಬಾಸುಂಡೆ’ ಎಂಬ ಪದ ಎದುರಾಗುತ್ತದೆ. ಚಾಟಿಯ ಏಟಿಗೆ ಬೆನ್ನಿನ ಮೇಲೆ ಊದಿಕೊಳ್ಳುವ ಬರೆಗೆ ನಮ್ಮ ರೈತರು ಹೇಳುವ ಮಾತದು. ಕನ್ನಡ ಬೈಬಲಿನ ಮೊದಲ ಕೆಲಸ ನಡೆದದ್ದೂ ನಮಗೆ ದೂರದಲ್ಲೇನೂ ಅಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ತೊಡಗಿದರು. ಅನಂತಪುರ ಜಿಲ್ಲೆ ಬೇರೆಯಾದದ್ದು ೧೮೮೨ರಲ್ಲಿ. ಅಲ್ಲಿಯವರೆಗೆ ಹಿಂದೂಪುರದ ಸೀಮೆಯೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎಲ್ಲವೂ ಒಂದೇ ಎಂದು ಅವಸರದಲ್ಲಿ ಹೇಳಿಬಿಟ್ಟರೆ ಯಾವುದನ್ನೂ ಅರಿತಂತಾಗುವುದಿಲ್ಲ. ವಿರೂಪಣ್ಣನ ಗಾಯ ಅವಮಾನಿತನ ಪ್ರತಿಭಟನೆ. ಕಾಳಹಸ್ತಿಯ ಬೇಡರ ಕಣ್ಣಪ್ಪನ ಗಾಯ ಭಕ್ತನು ದೇವರಿಗೆ ಕೊಟ್ಟ ಕಾಣಿಕೆ. ಶಿವನ ಕಣ್ಣಿನ ರಕ್ತ ನಿಲ್ಲಿಸಲು ಅವನು ತನ್ನ ಕಣ್ಣನ್ನೇ ಕಿತ್ತಿಟ್ಟನು. ಕ್ರೈಸ್ತರ ನಂಬಿಕೆಯಲ್ಲಿ ಈ ಕಾಣಿಕೆಯ ದಿಕ್ಕು ತಿರುಗುತ್ತದೆ. ಮನುಷ್ಯನಿಗಾಗಿ ದೇವರೇ ಗಾಯಗೊಳ್ಳುತ್ತಾನೆ. ಅದು ಪಾಪದ ಋಣವನ್ನು ತೀರಿಸಿದ್ದೆಂದು ಕೆಲವರು, ಮೃತ್ಯುವನ್ನು ಗೆದ್ದದ್ದೆಂದು ಕೆಲವರು, ಪ್ರೀತಿಯ ಪರಮಾವಧಿಯೆಂದು ಮತ್ತೆ ಕೆಲವರು ವಿವರಿಸುತ್ತಾರೆ. ವಿವರಣೆ ಯಾವುದಾದರೂ ದಿಕ್ಕು ಒಂದೇ: ಮೇಲಿನಿಂದ ಕೆಳಕ್ಕೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಸಂಗತಿ ಪುನರುತ್ಥಾನದ ಬಳಿಕ ನಡೆಯುತ್ತದೆ. ಸಾವನ್ನು ಗೆದ್ದ ದೇಹದಲ್ಲಿ ಗಾಯಗಳೂ ಮಾಯಬೇಕಿತ್ತಲ್ಲವೇ? ಮಾಯಲಿಲ್ಲ. ಗಾಯಗಳನ್ನು ಮುಟ್ಟದೆ ನಂಬೆನೆಂದ ಶಿಷ್ಯ ತೋಮನನ್ನು ಯೇಸು ಗದರಿಸಿ ಹೊರಗಟ್ಟಲಿಲ್ಲ. ಕೈಚಾಚಿ ಮುಟ್ಟಿ ನೋಡೆಂದು ಕರೆದನು. ತೋಮನು ಮುಟ್ಟಿದನೋ ಇಲ್ಲವೋ, ಸುವಾರ್ತೆ ಹೇಳುವುದಿಲ್ಲ. ಆದರೆ ಅವನು ಆ ಕ್ಷಣದಲ್ಲೇ ಯೇಸುವನ್ನು ತನ್ನ ದೇವರೆಂದು ಕರೆದನು. ಗುರುವಿನ ಗುರುತು ಸಿಕ್ಕಿದ್ದು ಕಿರೀಟದಿಂದಲ್ಲ, ಗಾಯದಿಂದ. ಇದೇ ತೋಮನು ಮುಂದೆ ಭಾರತಕ್ಕೆ ಬಂದು ಮದರಾಸಿನ ಮೈಲಾಪುರದ ಕಡೆ ಈಟಿಯ ತಿವಿತಕ್ಕೆ ಪ್ರಾಣ ಬಿಟ್ಟನೆಂದು ಇಲ್ಲಿನ ಕ್ರೈಸ್ತ ಪರಂಪರೆ ನಂಬುತ್ತದೆ.

‘ಮುಟ್ಟು’ ಎಂಬ ಆ ಒಂದು ಮಾತು ನಮ್ಮ ನೆಲದಲ್ಲಿ ಹೇಗೆ ಕೇಳಿಸಿರಬೇಕು! ರಾಯಲಸೀಮೆಯ ಕ್ರೈಸ್ತ ಸಭೆಗಳಿಗೆ ಬಂದವರಲ್ಲಿ ಬಹುಪಾಲು ಮಾಲ, ಮಾದಿಗ ಕುಟುಂಬಗಳು. ಬಾವಿಯ ಹಗ್ಗ ಮುಟ್ಟಬೇಡ, ಗುಡಿಯ ಹೊಸ್ತಿಲು ಮುಟ್ಟಬೇಡ ಎಂಬ ಮಾತನ್ನೇ ತಲೆಮಾರುಗಳಿಂದ ಕೇಳಿದವರ ಮುಂದೆ ಒಂದು ಕಥೆ ಬಂದು ನಿಂತಿತು. ಅದರಲ್ಲಿ ದೇವರೇ ತನ್ನ ಗಾಯವನ್ನು ತೋರಿಸಿ ಮುಟ್ಟೆನ್ನುತ್ತಾನೆ. ಆ ಚಿತ್ರ ಅವರ ಮನೆಗಳಲ್ಲಿ ಏಕಿದೆಯೆಂದು ಕೇಳುವವರು ಇದನ್ನು ಮರೆಯಬಾರದು. ಸಭೆಗಳೊಳಗೂ ಜಾತಿಯ ಗೆರೆಗಳು ಪೂರ್ಣವಾಗಿ ಅಳಿದಿಲ್ಲವೆಂಬುದೂ ನಿಜವೇ. ಆ ಗೆರೆಗಳನ್ನು ಪ್ರಶ್ನಿಸುವವರಿಗೂ ಈ ಗಾಯಗಳೇ ಆಧಾರ.

ಹಾಗೆಂದು ನೋವೇ ಪುಣ್ಯವೆಂದು ಈ ಧರ್ಮ ಹೇಳುತ್ತದೆಯೆಂದು ತಿಳಿಯುವುದು ತಪ್ಪು. ರೋಗಿಯನ್ನು, ಹಸಿದವನನ್ನು ಉಪಚರಿಸಿದರೆ ಅದು ತನಗೇ ಮಾಡಿದ ಉಪಚಾರವೆಂದು ಯೇಸು ಬೋಧಿಸಿದನು. ಗಾಯ ಆರಾಧನೆಗೆ ಎಷ್ಟೋ, ಆರೈಕೆಗೂ ಅಷ್ಟೇ ಕರೆಯುತ್ತದೆ. ಕಲ್ಯಾಣದುರ್ಗದ ಆರ್‌ಡಿಟಿ ಆಸ್ಪತ್ರೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಆ ಸಂಸ್ಥೆಯನ್ನು ಕಟ್ಟಿದ ವಿನ್ಸೆಂಟ್ ಫೆರರ್ ಸ್ಪೇನಿನಿಂದ ಯೇಸುಸಭೆಯ ಸಂನ್ಯಾಸಿಯಾಗಿ ಭಾರತಕ್ಕೆ ಬಂದವರು. ೧೯೬೯ರಲ್ಲಿ ಅನಂತಪುರಕ್ಕೆ ಬಂದು, ಮುಂದೆ ಸಂನ್ಯಾಸವನ್ನು ಬಿಟ್ಟರೂ ಈ ಬರದ ನೆಲವನ್ನು ಬಿಡದೆ, ೨೦೦೯ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು. ಸಂಸ್ಥೆ ಚರ್ಚಿನದಲ್ಲ, ಅಲ್ಲಿ ರೋಗಿಯ ಮತವನ್ನು ಕೇಳುವುದಿಲ್ಲ. ಗಾಯವನ್ನು ಕಂಡವನು ಕೈಕಟ್ಟಿ ನಿಲ್ಲಬಾರದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಕನ್ನಡ ಸಾಹಿತ್ಯವೂ ಈ ಗಾಯಗಳ ಮುಂದೆ ನಿಂತು ನೋಡಿದೆ. ನಮ್ಮಂತೆಯೇ ಗಡಿನಾಡಿನವರಾದ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಬರೆದರು. ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಾಗಿ ಬರೆದವರೂ ಅವರೇ. ತಮ್ಮ ಮತವನ್ನು ಬಿಡದೆ ಪರಮತದ ಪವಿತ್ರವನ್ನು ಗೌರವದಿಂದ ಅರಿಯುವುದು ಸಾಧ್ಯವೆಂದು ಅವರು ತೋರಿಸಿಕೊಟ್ಟರು. ಕನ್ನಡ ಶಾಲೆಯಲ್ಲಿ ಕಲಿತ ನಮಗೆ ಆ ದಾರಿ ಪರಕೀಯವಲ್ಲ.

ನೂರು ವರ್ಷ ತುಂಬಿದ ಶಾಲೆಗೆ ಹೆಮ್ಮೆ ಪಡಲು ಕಾರಣಗಳು ಬಹಳ. ಬಹುಮಾನ ಪಡೆದವರ, ಪದವಿಗೇರಿದವರ ಹೆಸರುಗಳು ಈ ಸಂಪುಟದಲ್ಲಿ ಸೇರಲಿ. ಅದರೊಡನೆ, ಬರಗಾಲದಲ್ಲಿ ಓದು ನಿಲ್ಲಿಸಿ ಕೂಲಿಗೆ ಹೋದ ಮಕ್ಕಳೂ, ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತು ಎದ್ದುಹೋದವರೂ ನಮ್ಮವರೇ ಎಂಬುದು ನೆನಪಿರಲಿ. ಕ್ರಿಸ್ತನ ಗಾಯಗಳಲ್ಲಿ ನಂಬಿಕೆಯಿಟ್ಟವರೂ ಇಡದವರೂ ಅವುಗಳಿಂದ ಕಲಿಯಬಹುದಾದ ಒಂದು ಪಾಠವುಂಟು: ಮುಚ್ಚಿಟ್ಟ ಗಾಯ ಕೀವಾಗುತ್ತದೆ, ತೋರಿಸಿದ ಗಾಯವನ್ನು ಇನ್ನೊಂದು ಕೈ ಬಂದು ಮುಟ್ಟಬಲ್ಲುದು. ಆ ಕೈ ನಮ್ಮ ಮಕ್ಕಳದಾಗಲಿ ಎಂದು ಹಾರೈಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.