ಹೆಸರು ಹೇಳಿದವರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



‘ನಮ್ಮ ಶಾಲೆ ಮತ್ತು ಪರಿಸರ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ವಿಷಯ ದೊಡ್ಡದು, ಸಮಯ ಚಿಕ್ಕದು. ಹಾಗಾಗಿ ನಾನು ಒಂದೇ ಒಂದು ಗಿಡದ ಬಗ್ಗೆ ಮಾತನಾಡುತ್ತೇನೆ. ಅದನ್ನು ನೀವೆಲ್ಲ ನೋಡಿದ್ದೀರಿ. ಮೈದಾನದ ಪಡುವಣ ಮೂಲೆಯಲ್ಲಿ ಮಳೆಗಾಲದ ನೀರು ನಿಲ್ಲುವ ಹೊಂಡವಿದೆಯಲ್ಲ, ಅದರ ಅಂಚಿನಲ್ಲಿ ಸೊಂಟದೆತ್ತರ ಬೆಳೆದು ಹಳದಿ ಹೂ ಬಿಡುವ ಗಿಡ ಅದು. ಚೆಂಡು ಹೊಂಡಕ್ಕೆ ಬಿದ್ದಾಗಲೆಲ್ಲ ಅದನ್ನು ತುಳಿದುಕೊಂಡೇ ಹೋಗಿದ್ದೇವೆ.

ಇವತ್ತು ಬೆಳಿಗ್ಗೆ ಕಾರ್ಯಕ್ರಮಕ್ಕೆ ಬರುವ ಮೊದಲು ಅಲ್ಲಿಗೆ ಹೋಗಿ ನೋಡಿ ಬಂದೆ. ಹೂ ಬಿಟ್ಟಿದೆ. ನಾಲ್ಕು ಎಸಳು, ನಡುವೆ ಎಂಟು ಕೇಸರ. ಬೆಳಿಗ್ಗೆ ಅರಳಿದ ಹೂವಿನ ಎಸಳು ಅದೇ ದಿನ ಉದುರುತ್ತದೆ. ಮಧ್ಯಾಹ್ನದ ಮೇಲೆ ಕೈ ತಾಗಿದರೂ ಸಾಕು. ಎಸಳು ಹೋದ ಮೇಲೆ ಉಳಿಯುವ ಕಾಯಿ ಸಣ್ಣ ಕಡ್ಡಿಯಂತೆ ಉದ್ದವಾಗಿ ಬೆಳೆದು ಕೆಂಪು ಕಂದು ಬಣ್ಣಕ್ಕೆ ತಿರುಗುತ್ತದೆ. ತುದಿಯಲ್ಲಿ ನಾಲ್ಕು ಪುಷ್ಪಪತ್ರಗಳು ಹಾಗೇ ಕಚ್ಚಿಕೊಂಡಿರುತ್ತವೆ. ಒಳಗೆ ಧೂಳಿನಂಥ ಬೀಜ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ಪ್ರತಿಯೊಬ್ಬರೂ ಹತ್ತು ಗಿಡಗಳನ್ನು ಹಳೆಯ ಪೇಪರಿನಲ್ಲಿ ಒತ್ತಿ ಒಣಗಿಸಿ ತರಬೇಕು ಎಂದರು. ಅವರು ಇವತ್ತು ಇಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಬೇರೆಯವರು ದಾಸವಾಳ, ತುಂಬೆ, ತುಳಸಿ ತಂದರು. ನಾನು ಹೊಂಡದ ಈ ಗಿಡವನ್ನೂ ಸೇರಿಸಿಕೊಂಡು ಹೋದೆ. ಹೆಸರೇನು ಎಂದು ಕೇಳಿದರು. “ಕಳೆ ಸಾರ್” ಎಂದೆ. “ಕಳೆ ಅನ್ನೋದು ಹೆಸರಲ್ಲಮ್ಮ. ಮನೆಯಲ್ಲಿ ಕೇಳಿಕೊಂಡು ಬಾ” ಎಂದರು.

ಮನೆಯಲ್ಲಿ ಇದ್ದದ್ದು ಅವ್ವ. ಊರಿನ ಹಿರಿಯರಿಗೆ ಗೊತ್ತು, ಅವಳು ಬೇರೆಯವರ ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲು ಮಾಡಿ ನಮ್ಮನ್ನು ಸಾಕಿದವಳು. ಅವತ್ತು ಗೊರಬು ಇಳಿಸಿಟ್ಟು ಕೈಕಾಲು ತೊಳೆಯುತ್ತಿದ್ದಳು. ಗಿಡ ತೋರಿಸಿದೆ. ಒಂದು ಕಾಯಿ ಕಿತ್ತು ನನ್ನ ಅಂಗೈ ಮೇಲೆ ಇಟ್ಟಳು. “ಲವಂಗದ ಕಡ್ಡಿ ಅಂತೀವಿ. ಲವಂಗ ಇದ್ದಂಗೇ ಇಲ್ವ?” ಎಂದಳು. ಹೌದು, ಹಾಗೇ ಇತ್ತು. ಅಷ್ಟಕ್ಕೇ ನಿಲ್ಲಿಸಲಿಲ್ಲ. “ಇದು ನಿಂತಲ್ಲಿ ಕಾಲು ಹೂತುಕೊಳ್ತದೆ, ನೋಡ್ಕಂಡು ಇಡ್ಬೇಕು. ಮೇಲೆ ಕೊಯ್ದ್ರೆ ಪ್ರಯೋಜನ ಇಲ್ಲ, ಬುಡ ಬಿಟ್ರೆ ಮುಂದಿನ ವರ್ಷವೂ ಅದೇ ಬುಡದಿಂದ ಚಿಗುರ್ತದೆ. ನೀರೊಳಗಿದ್ದ ಕಾಂಡ ಬೆಂಡಿನ ಹಂಗೆ ಬೆಳ್ಳಗಾಗ್ತದೆ” ಎಂದಳು.

ಮಾರನೆಯ ದಿನ ಎಲ್ಲವನ್ನೂ ತರಗತಿಯಲ್ಲಿ ಹೇಳಿದೆ. ಮೇಷ್ಟ್ರಿಗೆ ಬಹಳ ಸಂತೋಷವಾಯಿತು. “ಯಾರು ಹೇಳಿಕೊಟ್ಟರು?” ಎಂದರು. ಸುತ್ತಲೂ ಜೊತೆಯವರು ಕೂತಿದ್ದರು. ಅವರಲ್ಲಿ ಕೆಲವರ ಮನೆಯ ಗದ್ದೆಯಲ್ಲೇ ಅವ್ವ ಕೂಲಿಗೆ ಹೋಗುತ್ತಿದ್ದಳು. ನಾನು “ಪುಸ್ತಕದಲ್ಲಿ ಓದಿದೆ ಸಾರ್” ಎಂದೆ. ಯಾವ ಪುಸ್ತಕ ಎಂದು ಅವರು ಕೇಳಲಿಲ್ಲ. ಗಿಡ ಅಂಟಿಸಿದ ಹಾಳೆಯ ಕೆಳಗೆ ತಾವೇ ಪೆನ್ಸಿಲಿನಲ್ಲಿ ‘ಹೆಸರು ಹೇಳಿದವರು’ ಎಂದು ಬರೆದು ಮುಂದೆ ಜಾಗ ಬಿಟ್ಟು, “ನಿಧಾನಕ್ಕೆ ತುಂಬು” ಎಂದರು. ನಾನು ತುಂಬಲಿಲ್ಲ.

ಮುಂದೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದೆ, ಅದನ್ನೇ ಪಾಠ ಮಾಡಿದೆ. ಆಗ ಈ ಗಿಡದ ಶಾಸ್ತ್ರೀಯ ಹೆಸರು ತಿಳಿಯಿತು: ಲುಡ್ವಿಜಿಯ ಆಕ್ಟೋವಾಲ್ವಿಸ್. ಲುಡ್ವಿಗ್ ಎಂಬುವವರು ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ಸಸ್ಯಶಾಸ್ತ್ರಜ್ಞರು. ಆಕ್ಟೋವಾಲ್ವಿಸ್ ಎಂದರೆ ಎಂಟು ಹೋಳಿನ ಕಾಯಿ. ಕೆಸರಿನಲ್ಲಿ ಮುಳುಗಿದ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕಾಗಿ ಗಿಡ ನೀರೊಳಗಿನ ಕಾಂಡದಲ್ಲಿ ಗಾಳಿ ತುಂಬಿದ ಸ್ಪಂಜಿನಂಥ ಅಂಗಾಂಶ ಬೆಳೆಸಿಕೊಳ್ಳುತ್ತದೆ. ಅವ್ವ ಬೆಂಡು ಎಂದದ್ದು ಇದನ್ನೇ. ಬುಡದಿಂದ ವರ್ಷ ವರ್ಷ ಚಿಗುರುವ ಗಿಡಕ್ಕೆ ಬಹುವಾರ್ಷಿಕ ಎನ್ನುತ್ತೇವೆ. ಅದನ್ನೂ ಅವಳು ಹೇಳಿದ್ದಳು, ಶಬ್ದ ಮಾತ್ರ ಬೇರೆ.

ಇನ್ನೊಂದು ಸಂಗತಿ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಮೇಲೆ ‘ಹೋರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥ ಮಾಡಿಸಿದರು. 1678ರಿಂದ 1693ರವರೆಗೆ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಎರಡನೆಯ ಸಂಪುಟದಲ್ಲಿ ನಮ್ಮ ಗಿಡದ ಚಿಕ್ಕ ತಂಗಿಯ ಚಿತ್ರವಿದೆ, ‘ಕರಂಬು’ ಎಂಬ ಹೆಸರಿನಲ್ಲಿ. ಮಲಯಾಳದಲ್ಲಿ ಲವಂಗಕ್ಕೆ ಕರಯಾಂಪು, ಗ್ರಾಂಪು ಎನ್ನುತ್ತಾರೆ. ಈ ಜಾತಿಯ ಗಿಡಗಳನ್ನು ಅಲ್ಲಿ ನೀರ್‌ಗ್ರಾಂಪು ಎಂದೂ ಮರಾಠಿಯಲ್ಲಿ ಪಾನಲವಂಗ ಎಂದೂ ಕರೆಯುತ್ತಾರೆ. ಗದ್ದೆಗೆ ಇಳಿದವರೆಲ್ಲ ಇದರಲ್ಲಿ ಲವಂಗವನ್ನೇ ಕಂಡಿದ್ದಾರೆ. 1753ರಲ್ಲಿ ಲಿನೇಯಸ್ ಆ ತಂಗಿಗೆ ‘ಪೆರೆನ್ನಿಸ್’, ಅಂದರೆ ಬಹುವಾರ್ಷಿಕ ಎಂದು ಹೆಸರಿಟ್ಟರು. ಆದರೆ ಅದು ಒಂದೇ ವರ್ಷ ಬದುಕುವ ಗಿಡ. ಲಿನೇಯಸ್ ಭಾರತಕ್ಕೆ ಬಂದವರಲ್ಲ. ಕಳೆ ಕೀಳುವವರನ್ನು ಕೇಳಿದ್ದರೆ ಆ ತಪ್ಪು ಆಗುತ್ತಿರಲಿಲ್ಲವೇನೋ.

ನನ್ನನ್ನು ಬಹಳ ಕಾಡಿದ್ದು ಆ ಗ್ರಂಥದ ಮೊದಲ ಸಂಪುಟ. ಗಿಡಗಳನ್ನು ಗುರುತಿಸಿ ಹೆಸರು, ಗುಣ ಹೇಳಿದವರ ಹೇಳಿಕೆಗಳನ್ನು ಅಲ್ಲಿ ಅವರವರ ಲಿಪಿಯಲ್ಲೇ ಅಚ್ಚು ಹಾಕಿದ್ದಾರೆ. ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್ ಅವರದು ಒಂದು. ಕೊಂಕಣಿ ವೈದ್ಯರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರದು ಇನ್ನೊಂದು. ಮುನ್ನೂರು ವರ್ಷ ದಾಟಿದರೂ ಹೇಳಿದವರ ಹೆಸರು ಉಳಿದಿದೆ. ಅದನ್ನು ನೋಡಿದ ದಿನ ನನ್ನ ಒಂಬತ್ತನೇ ತರಗತಿಯ ಹಾಳೆ ನೆನಪಾಯಿತು. ಪರದೇಶದ ಅಧಿಕಾರಿ ಮಾಡಿದ ಕೆಲಸವನ್ನು ಹೆತ್ತ ಮಗಳು ಮಾಡಿರಲಿಲ್ಲ.

ಅವ್ವ ಹೋಗಿ ಹನ್ನೊಂದು ವರ್ಷವಾಯಿತು. ನಾನು ಅವಳಿಗೆ ಈ ವಿಷಯ ಹೇಳಲೇ ಇಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೇ ಇದ್ದೆ. ಮೇಷ್ಟ್ರೇ, ಅವತ್ತು ನಾನು ನಿಮಗೆ ಸುಳ್ಳು ಹೇಳಿದೆ. ನಿಮಗೆ ಆಗಲೇ ಗೊತ್ತಿತ್ತು ಅಂತ ಈಗ ಅನಿಸುತ್ತದೆ.

ಇನ್ನು ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಬಯಲು ರಂಗಮಂದಿರ ಕಟ್ಟಲು ಆ ಹೊಂಡಕ್ಕೆ ಮಣ್ಣು ತುಂಬಿಸುವ ಆಲೋಚನೆ ಇದೆಯೆಂದು ಕೇಳಿದೆ. ರಂಗಮಂದಿರ ಬೇಕು, ನಾನೂ ನನ್ನ ಪಾಲು ಕೊಡುತ್ತೇನೆ. ಆದರೆ ಆ ಗಿಡ ಸುಮ್ಮನೆ ಅಲ್ಲಿ ನಿಂತಿಲ್ಲ. ಇಡೀ ಮೈದಾನದ ನೀರು ಹರಿದು ಬಂದು ನಿಲ್ಲುವ ಜಾಗ ಅದು. ಅಲ್ಲಿ ಮಣ್ಣು ತುಂಬಿದರೆ ನೀರು ತರಗತಿಗಳ ಕಡೆಗೆ ತಿರುಗುತ್ತದೆ. ಕಾಲು ಹೂತುಕೊಳ್ಳುವ ನೆಲದ ಮೇಲೆ ಅಡಿಪಾಯ ಎಷ್ಟು ದಿನ ನಿಂತೀತು? ಮೂಡಣ ದಿಬ್ಬದ ಮೇಲೆ ಜಾಗವಿದೆ. ತೀರ್ಮಾನ ಮಾಡುವ ಮೊದಲು ಒಂದು ಜೋರು ಮಳೆಯ ದಿನ ಸಮಿತಿಯವರು ಹೊಂಡದ ಹತ್ತಿರ ನಿಂತು ನೋಡಬೇಕೆಂದು ಕೈಮುಗಿದು ಕೇಳುತ್ತೇನೆ.

ಮಕ್ಕಳೇ, ನಿಮಗೂ ಒಂದು ಕೆಲಸ. ಹೊಂಡದ ಸುತ್ತ ಬೆಳೆಯುವ ಗಿಡಗಳ ಪಟ್ಟಿ ಮಾಡಿ. ಹಳದಿ ಹೂ ಬಿಟ್ಟದ್ದೆಲ್ಲ ಒಂದೇ ಗಿಡ ಅಂದುಕೊಳ್ಳಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಇದರ ದೊಡ್ಡ ಬಂಧು ತಮಿಳುನಾಡಿನ ವಾಲ್ಪಾರೈ ಕಡೆ ಜೌಗುಗಳನ್ನೇ ಆವರಿಸಿಕೊಂಡಿದೆ. ಹೂವು ಇನ್ನೂ ದೊಡ್ಡದು, ಗಿಡ ಆಳೆತ್ತರ ಮೀರುತ್ತದೆ. ಅಂಥದ್ದು ಕಂಡರೆ ಮೇಷ್ಟ್ರಿಗೆ ತಿಳಿಸಿ. ಹೆಸರು ಗೊತ್ತಿಲ್ಲದ ಗಿಡವನ್ನು ಮನೆಗೆ ಒಯ್ದು ಅಜ್ಜ ಅಜ್ಜಿಯರನ್ನು, ಗದ್ದೆಗೆ ಹೋಗುವವರನ್ನು ಕೇಳಿ. ಪಟ್ಟಿಯಲ್ಲಿ ‘ಹೆಸರು ಹೇಳಿದವರು’ ಎಂದೂ ಒಂದು ಕಾಲಂ ಇರಲಿ. ಅದನ್ನು ಖಾಲಿ ಬಿಡಬೇಡಿ.

ಆ ಹಳೆಯ ಹಾಳೆಯನ್ನು ಇವತ್ತು ತಂದಿದ್ದೇನೆ. ಎಸಳು ಪುಡಿಯಾಗಿದೆ, ಕಾಯಿ ಗಟ್ಟಿಯಾಗಿದೆ. ಪೆನ್ಸಿಲಿನ ಅಕ್ಷರ ಮಾಸಿದರೂ ಓದಲು ಬರುತ್ತದೆ. ನಿನ್ನೆ ರಾತ್ರಿ ಅದರ ಮುಂದೆ ಶಾಯಿಯಲ್ಲಿ ಬರೆದೆ: ‘ನನ್ನ ಅವ್ವ, ಗದ್ದೆ ಕೆಲಸದವಳು, ಇದೇ ಊರು.’ ಇದನ್ನು ಶಾಲೆಯ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ಮುಖ್ಯೋಪಾಧ್ಯಾಯರು ದಯವಿಟ್ಟು ಸ್ವೀಕರಿಸಬೇಕು.